ಮೂಳೆಯನ್ನು ಅಳೆದ ಬಗೆ

ಅಜ್ಜಿಯರ ಬೆನ್ನು ಬಾಗಿದರೆ ಅದನ್ನು ಮುಪ್ಪೆಂದೇ ಬಗೆಯುತ್ತಿದ್ದೆವು. ಮೂಳೆಯ ಸವಕಳಿಯನ್ನು ಅಳೆಯಲು ನೆಚ್ಚಬಹುದಾದ ಮಾರ್ಗ ದೊರೆತದ್ದು 1963ರಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನ್ ಕ್ಯಾಮರಾನ್ ಮತ್ತು ಜೇಮ್ಸ್ ಸೊರೆನ್‌ಸನ್ ಫೋಟಾನ್ ಕಿರಣವನ್ನು ಮೂಳೆಯ ಮೂಲಕ ಹಾಯಿಸಿ, ಹೀರಲ್ಪಟ್ಟ ಪ್ರಮಾಣದಿಂದ ಖನಿಜಾಂಶವನ್ನು ಗಣಿಸಿದರು. (ತರಗತಿಯಲ್ಲಿ ಈ ಪಾಠಕ್ಕೆ ಆಕಳಿಸಿದವರು ಗಮನಿಸಿರಿ!) ಬೆನ್ನು, ಸೊಂಟಗಳನ್ನು ಬೇಗನೆ ಅಳೆಯಬಲ್ಲ ಡೆಕ್ಸಾ ಯಂತ್ರ 1987ರಲ್ಲಿ ಬಂದಿತು.

1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗೆರೆ ಎಳೆಯಿತು: ತರುಣಿಯರ ಸರಾಸರಿಗಿಂತ 2.5 ಮಾನಕ ವಿಚಲನೆಯಷ್ಟು ಅಥವಾ ಇನ್ನೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ಆ ಗೆರೆಗೆ ಆಧಾರವಾದವರು ಬಿಳಿಯ ಮಹಿಳೆಯರು. ಮೇಲಾಗಿ ಯಂತ್ರವು ಖನಿಜವನ್ನು ಭಾಗಿಸುವುದು ಮೂಳೆಯ ನೆರಳಿನ ವಿಸ್ತೀರ್ಣದಿಂದ, ಗಾತ್ರದಿಂದಲ್ಲ. ಸಣ್ಣ ಎಲುಬಿನವರ ಅಂಕಿ ತಗ್ಗಿ ಕಾಣುತ್ತದೆ. ನನ್ನ ಅಕ್ಕನ ವರದಿ ಬಂದಾಗ ವೈದ್ಯರಲ್ಲಿ ಇದನ್ನೇ ಕೇಳಿದೆ. ಅವರು ಅಂಕಿಯನ್ನು ಬದಿಗಿಟ್ಟು, ಹಿಂದೆ ಎಲುಬು ಮುರಿದದ್ದುಂಟೇ ಎಂದು ಅಕ್ಕನನ್ನು ವಿಚಾರಿಸತೊಡಗಿದರು.