ರೋಗಾಣುವಿನ ಒಡಲಲ್ಲಿ ಅಡಗಿದ ವೈರಸ್

ಕಾಲರಾದ ಕೊಲೆಗಾರನಾರು ಎಂಬ ಪ್ರಶ್ನೆ 1884ರಲ್ಲಿಯೇ ಇತ್ಯರ್ಥವಾಯಿತೆಂದು ವೈದ್ಯಲೋಕ ಭಾವಿಸಿತ್ತು. ಆ ವರ್ಷ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ, ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಬ್ಯಾಕ್ಟೀರಿಯವೊಂದನ್ನು ರೋಗಿಗಳ ಕರುಳಿನಿಂದ ಬೇರ್ಪಡಿಸಿ, ಅಪರಾಧಿ ಇದೇ ಎಂದು ಸಾರಿದ. ಮೂವತ್ತು ವರ್ಷ ಮೊದಲೇ ಫ್ಲಾರೆನ್ಸಿನ ಪಾಚೀನಿ ಅದನ್ನು ಕಂಡಿದ್ದನೆಂಬುದು ಬೇರೆ ಮಾತು. ಆದರೆ ಆ ತೀರ್ಪಿನಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು. ಅದನ್ನು ಸೇರಿಸಲು ನೂರಹನ್ನೆರಡು ವರ್ಷ ಬೇಕಾಯಿತು.

ಬ್ಯಾಕ್ಟೀರಿಯಗಳನ್ನೂ ಮುತ್ತುವ ವೈರಸ್‌ಗಳಿವೆ. ಇಂಗ್ಲೆಂಡಿನ ಟ್ವಾರ್ಟ್ 1915ರಲ್ಲಿ, ಪ್ಯಾರಿಸ್ಸಿನಲ್ಲಿ ಫೆಲಿಕ್ಸ್ ದೆರೆಲ್ 1917ರಲ್ಲಿ ಇವನ್ನು ಗುರುತಿಸಿದರು. 'ಬ್ಯಾಕ್ಟೀರಿಯ ಭಕ್ಷಕ' ಎಂಬರ್ಥದ ಬ್ಯಾಕ್ಟೀರಿಯೊಫೇಜ್ ಎಂಬ ಹೆಸರು ದೆರೆಲ್ ಕೊಟ್ಟದ್ದು. ಫೇಜ್ ಮನುಷ್ಯನ ಮಿತ್ರನೆಂಬುದು ಆತನ ದೃಢ ನಂಬಿಕೆ. 1927ರಲ್ಲಿ ಪಂಜಾಬಿಗೆ ಬಂದು ಕಾಲರಾ ರೋಗಿಗಳಿಗೆ ಅದನ್ನೇ ಔಷಧವಾಗಿ ಕುಡಿಸಿದ. ವಿಧಿಯ ವ್ಯಂಗ್ಯವೆಂದರೆ ಇದೇ ಇರಬೇಕು: ಆ ರೋಗದ ವಿಷವೂ ಒಂದು ಫೇಜಿನ ಸೊತ್ತೇ ಆಗಿತ್ತು.

ಎಲ್ಲ ಫೇಜ್‌ಗಳೂ ತಮ್ಮ ಆಶ್ರಯದಾತನನ್ನು ಕೊಲ್ಲುವುದಿಲ್ಲ. ಕೆಲವು ತಮ್ಮ ಜೀನುಗಳನ್ನು ಅದರ ವರ್ಣತಂತುವಿನಲ್ಲಿ ಹೆಣೆದು, ಪೀಳಿಗೆಯಿಂದ ಪೀಳಿಗೆಗೆ ಮೌನವಾಗಿ ಸಾಗುತ್ತವೆ. ಈ ಮೌನವಾಸವನ್ನು 1950ರಲ್ಲಿ ಪ್ಯಾರಿಸ್ಸಿನ ಆಂದ್ರೆ ಲ್ವೋಫ್ ಒಂದೊಂದೇ ಬ್ಯಾಕ್ಟೀರಿಯವನ್ನು ಬೆನ್ನುಹತ್ತಿ ತೋರಿಸಿಕೊಟ್ಟ. ಮರುವರ್ಷವೇ ಅಮೆರಿಕದ ಸಿಯಾಟಲ್‌ನಲ್ಲಿ ವಿಕ್ಟರ್ ಫ್ರೀಮನ್, ನಿರುಪದ್ರವಿಯಾದ ಗಂಟಲುಮಾರಿ ಬ್ಯಾಕ್ಟೀರಿಯಕ್ಕೆ ಫೇಜ್ ತಗುಲಿದೊಡನೆ ಅದು ವಿಷ ಸ್ರವಿಸತೊಡಗುವುದನ್ನು ಕಂಡ. ಮಕ್ಕಳ ಕೊರಳು ಬಿಗಿಯುತ್ತಿದ್ದ ಆ ವಿಷ ಬಾಡಿಗೆದಾರನದು, ಮನೆಯೊಡೆಯನದಲ್ಲ.

ಕಾಲರಾದ ವಿಷವನ್ನು ಕಂಡುಹಿಡಿದವರು ಕಲ್ಕತ್ತೆಯವರೇ ಆದ ಶಂಭುನಾಥ ಡೇ. ಬ್ಯಾಕ್ಟೀರಿಯಗಳನ್ನೆಲ್ಲ ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರುಕ್ಕಿಸಬಲ್ಲದೆಂದು ಅವರು 1959ರಲ್ಲಿ ಪ್ರಕಟಿಸಿದರು. ಬದುಕಿದ್ದಾಗ ಸ್ವದೇಶದಲ್ಲಿ ಅವರಿಗೆ ತಕ್ಕ ಮನ್ನಣೆ ದೊರೆಯಲಿಲ್ಲ. ಅವರು ತೀರಿಕೊಂಡದ್ದು 1985ರಲ್ಲಿ. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ. ಆ ವಿಷದ ಜೀನುಗಳು ಫೇಜಿನಲ್ಲಿವೆಯೆಂದು ಬಾಸ್ಟನ್ನಿನ ವಾಲ್ಡರ್ ಮತ್ತು ಮೆಕಲಾನೋಸ್ 1996ರಲ್ಲಿ ತೋರಿಸಿದ್ದನ್ನು ನೋಡಲು ಅವರಿರಲಿಲ್ಲ.

ಈ ಫೇಜ್ ನೂಲಿನಂತೆ ಸಪೂರವಾದದ್ದು. ಅದರ ವಿಷದ ಜೀನುಗಳ ಪಕ್ಕದಲ್ಲಿ ಮೂರು ಜೀನುಗಳ ಸಂಸಾರವೊಂದಿದೆ. ಆರ್‌ಎಸ್‌ಟಿ-ಎ ಎಂಬುದು ಫೇಜಿನ ಪ್ರತಿಯೆತ್ತುವ ಲಿಪಿಕಾರ. ಆರ್‌ಎಸ್‌ಟಿ-ಬಿ ಅದನ್ನು ವರ್ಣತಂತುವಿಗೆ ಸೇರಿಸಲು ಬೇಕಾದದ್ದು. ಆರ್‌ಎಸ್‌ಟಿ-ಆರ್ ಇವೆರಡರ ಬಾಯಿ ಮುಚ್ಚಿಸುವ ಕಾವಲುಗಾರ. ಬೇರೆ ಬೇರೆ ಕಾಲರಾ ತಳಿಗಳ ಈ ಜೀನುಗಳನ್ನು ಅಕ್ಕಪಕ್ಕ ಇಟ್ಟು ಓದಿದಾಗ, ಹಸ್ತಪ್ರತಿಗಳ ಪಾಠಾಂತರ ಹುಡುಕುವವರಿಗೆ ಪರಿಚಿತವಾದ ಸೋಜಿಗವೊಂದು ಎದುರಾಯಿತು. ಲಿಪಿಕಾರನ ಪಾಠ ಬಹುಮಟ್ಟಿಗೆ ಒಂದೇ. ಕಾವಲುಗಾರನದು ಮಾತ್ರ ತಳಿಯಿಂದ ತಳಿಗೆ ತೀರ ಭಿನ್ನ. ಒಂದು ಪಾಠಕ್ಕೆ 'ಕಲ್ಕತ್ತಾ' ಎಂದೇ ಹೆಸರು.

ಹಳೆಯ ಮಹಾಮಾರಿಗಳ 'ಕ್ಲಾಸಿಕಲ್' ತಳಿಯ ಕಥೆ ಇನ್ನೂ ಕುತೂಹಲಕರ. ಅದರೊಳಗಿನ ಫೇಜಿಗೆ ಜೀನುಗಳೆಲ್ಲ ನೆಟ್ಟಗಿದ್ದರೂ ಹೊರಬರಲಾಗದು. ಕಾರಣ ಜೀನಿನಲ್ಲಿರಲಿಲ್ಲ, ನೆರೆಯಲ್ಲಿತ್ತು. ಈ ಫೇಜ್ ವರ್ಣತಂತುವಿನಿಂದ ಕಿತ್ತು ಬರುವುದಿಲ್ಲ. ಅಲ್ಲೇ ಕುಳಿತು ತನ್ನ ಪ್ರತಿಯೊಂದನ್ನು ಹೊರಗೆ ಕಳಿಸುತ್ತದೆ. ಲಿಪಿಕಾರ ಒಂದು ಗುರುತಿನಲ್ಲಿ ಆರಂಭಿಸಿ ಅದೇ ಗುರುತು ಮತ್ತೆ ಸಿಕ್ಕಾಗ ನಿಲ್ಲಿಸಬೇಕು. ಅದಕ್ಕೆ ಬೆನ್ನಿಗೇ ಇನ್ನೊಂದು ಫೇಜಾದರೂ, ಅದರ ಉಪಗ್ರಹದಂತಿರುವ ಆರ್‌ಎಸ್-1 ಆದರೂ ಇರಬೇಕು. 1961ರಿಂದ ಹಬ್ಬಿದ ಏಳನೆಯ ಮಹಾಮಾರಿಯ ಎಲ್ ಟಾರ್ ತಳಿಯಲ್ಲಿ ಇಂಥ ಜೋಡಿಯಿದೆ. ಕ್ಲಾಸಿಕಲ್‌ನಲ್ಲಿ ಫೇಜ್ ಒಂಟಿ, ಇಲ್ಲವೇ ಅಂಗಹೀನ ಜೊತೆಗಾರನೊಡನೆ ಬೆಸೆದದ್ದು.

ಇದು ಪಂಡಿತರ ಕುತೂಹಲವಷ್ಟೇ ಆಗಿ ಉಳಿಯಲಿಲ್ಲ. ಕಾಲರಾಕ್ಕೆ ಜೀವಂತ ಲಸಿಕೆ ಮಾಡುವವರು ಬ್ಯಾಕ್ಟೀರಿಯದಿಂದ ವಿಷದ ಜೀನನ್ನು ಕತ್ತರಿಸಿ ತೆಗೆಯುತ್ತಿದ್ದರು. ಆದರೆ ಫೇಜ್ ಒಳಹೊಗುವುದು, ಬ್ಯಾಕ್ಟೀರಿಯ ನಮ್ಮ ಕರುಳಿನಲ್ಲಿ ನೆಲೆಯೂರಲು ಬಳಸುವ ರೋಮವನ್ನೇ ಹಿಡಿದು. ಇಲಿಯ ಕರುಳಿನಲ್ಲಂತೂ ಆ ಪ್ರವೇಶ ಗಾಜಿನ ಪಾತ್ರೆಯಲ್ಲಿಗಿಂತ ಸಲೀಸು. ಕತ್ತರಿಸಿದ ವಿಷ ಲಸಿಕೆ ಕುಡಿದವನ ಹೊಟ್ಟೆಯಲ್ಲೇ ಮರಳಿ ಬಂದರೆ? ಹೀಗಾಗಿ ವಿಷದ ಜೀನಿನ ಜೊತೆಗೆ, ಫೇಜ್ ಬಂದು ಹೆಣೆದುಕೊಳ್ಳುವ ತಾಣವನ್ನೂ ಅಳಿಸಿದ ಲಸಿಕೆ ತಳಿಗಳನ್ನು ರೂಪಿಸಬೇಕಾಯಿತು.