ಬೀಳಗಿಯ ದನಿಯಿಂದ ನಮ್ಮ ಮನಿ ಪಡಸಾಲಿ ತನಕ

ಹೋದ ಸಲ ಕೆಂಪು ಮೆಣಸಿನಕಾಯಿ ರಂಜಕದ ಬಗ್ಗೆ ಬರದಾಗ ಎಷ್ಟೋ ಮಂದಿ ಫೋನ್ ಮಾಡಿ ಬೆಳ್ಳೊಳ್ಳಿ ಎಷ್ಟು ಹಾಕಬೇಕಂತ ಕೇಳಿದ್ರಿ. ಈ ಸಲ ಅಡಗಿ ಮಾತಿಲ್ಲ, ಹಾಡಿನ ಮಾತು. ರೊಟ್ಟಿ ಬಡಿಯೂದು ಮುಗಿಸಿ ಕುಂತು ಓದ್ರಿ.

ಮೊನ್ನೆ ತಂಗಿ ಮಗಳು ನಮ್ಮ ಮನಿಗೆ ಬಂದಿದ್ಲು. "ದೊಡ್ಡವ್ವಾ, ಈಗಿನ ಹಾಡುಗಳ ಮ್ಯಾಲೆ ಯಾವ ಕಲಾವಿದರ ಪ್ರಭಾವ ಎಲ್ಲಾರಕಿಂತ ಹೆಚ್ಚು? ಕಾಲೇಜಿನ್ಯಾಗ ಹತ್ತು ನಿಮಿಷ ಮಾತಾಡಬೇಕು, ನಂತರ ಒಂದು ಹಾಡೂ ಹಾಡಬೇಕು" ಅಂದ್ಲು. ಊಟಕ್ಕ ಕುಂತವರೆಲ್ಲಾ ಶುರು ಮಾಡಿದ್ರು ನೋಡ್ರಿ. ನನ್ನ ಮಗ ರೆಹಮಾನ್ ಅಂದ. ಮೈದುನ ಹಂಸಲೇಖ ಅಂದ. ನಮ್ಮ ಮನಿಯವರು "ಅಣ್ಣಾವ್ರನ್ನ ಬಿಟ್ಟು ಯಾರು?" ಅಂತ ಸಾರಿನ ಸೌಟು ಹಿಡದೇ ವಾದಕ್ಕ ಇಳದ್ರು. ಯಾರೂ ತಪ್ಪು ಹೇಳಲಿಲ್ಲ. ಆದ್ರ ಬಾಂಡೆ ತಿಕ್ಕೂ ಮುಂದ ನನಗ ಹೊಳೀತು, ಅಷ್ಟು ಹೆಸರಿನ್ಯಾಗ ಒಂದೂ ಹೆಣ್ಮಗಳ ಹೆಸರಿರಲಿಲ್ಲ. ನನ್ನ ಬಾಯಾಗೂ ಬರಲಿಲ್ಲ.

ಆವಾಗ ನಮ್ಮ ಅಜ್ಜಿ ನೆನಪಾದ್ಲು.

ಅಜ್ಜಿ ಬೀಳಗಿ ಕಡೆಯಾಕಿ. ನಾ ಪಿಯುಸಿ ಓದೂ ಮುಂದ, 1987ರಾಗ, ಕಾಲೇಜಿನ ಗ್ಯಾದರಿಂಗಿನ್ಯಾಗ ಒಂದು ಭಾವಗೀತೆ ಹಾಡಿ ಸ್ಟೀಲಿನ ಡಬ್ಬಿ ಬಹುಮಾನ ತಂದಿದ್ದೆ. ಮನಿಯಾಗ ಮತ್ತ ಹಾಡಿ ತೋರಿಸಿದೆ. ಅಜ್ಜಿ ಕಣ್ಣ ಒರಸಿಕೊಂಡು, "ನಮ್ಮೂರ ಅಮೀರಬಾಯಿ ಹಾಡಿದಂಗಾತು" ಅಂದ್ಲು. ನಮ್ಮವ್ವಗ ಎಲ್ಲಿಲ್ಲದ ಸಿಟ್ಟು ಬಂತು. "ಮದುವಿ ಆಗೂ ಹುಡುಗಿಗೆ ಅಂಥವರನ್ನ ಹೋಲಸ್ತಿಯೇನು?" ಅಂತ ಅತ್ತಿಗೇ ಎದುರು ಮಾತಾಡಿದ್ಲು. ಅಜ್ಜಿ ಹೊಗಳಿದ್ದು, ಅವ್ವಗ ಬೈಗುಳ ಆಗಿ ಕೇಳಿಸಿತ್ತು. ಅಮೀರಬಾಯಿ ಯಾರಂತ ನನಗ ಆವಾಗ ಗೊತ್ತೂ ಇರಲಿಲ್ಲ. ಭಾಳ ವರ್ಷ ಆದಮ್ಯಾಲೆ ರಹಮತ್ ತರೀಕೆರೆಯವರು ಆಕಿ ಬಗ್ಗೆ ಬರದ ಪುಸ್ತಕ ಸಿಕ್ತು. ಆವಾಗ ತಿಳೀತು ಅಜ್ಜಿ ಎಷ್ಟು ದೊಡ್ಡ ಮಾತು ಆಡಿದ್ಲಂತ.

ಅಮೀರಬಾಯಿ ಕರ್ನಾಟಕಿ ಬೀಳಗಿಯಾಕಿ. ಬೀಳಗಿ ಆವಾಗ ವಿಜಾಪುರ ಜಿಲ್ಲೆಯಾಗಿತ್ತು, ಈಗ ಬಾಗಲಕೋಟಿ ಜಿಲ್ಲೆಯಾಗ ಐತಿ. ಆಕಿ ಅಕ್ಕ ಗೋಹರಬಾಯಿ ಮರಾಠಿ ನಾಟಕದ ಬಾಲಗಂಧರ್ವರ ಜೋಡಿ ರಂಗದ ಮ್ಯಾಲೆ ಹಾಡಿದಾಕಿ. ಅಕ್ಕ-ತಂಗಿ ಇಬ್ಬರೂ ಮುಂಬೈಗೆ ಹೋದ್ರು. ನಮ್ಮ ದೇಶದಾಗ ಮಾತಾಡೂ ಸಿನಿಮಾ ಬಂದದ್ದು 1931ರಾಗ. ಮೊದಲೆಲ್ಲಾ ಪಾತ್ರ ಮಾಡಿದವರೇ ಹಾಡಬೇಕಿತ್ತು. 1935ರಾಗ ಹಿನ್ನೆಲೆ ಗಾಯನ ಶುರು ಆತು, ಅಂದ್ರ ಮುಖ ಒಬ್ಬರದು, ದನಿ ಇನ್ನೊಬ್ಬರದು. ಅಮೀರಬಾಯಿ ಎರಡೂ ಮಾಡಿದ್ರು. ತಾವೂ ಪಾತ್ರ ಮಾಡಿದ್ರು, ಬ್ಯಾರೆಯವರಿಗೆ ದನಿಯನ್ನೂ ಕೊಟ್ರು. 1943ರ 'ಕಿಸ್ಮತ್' ಸಿನಿಮಾದಾಗ ನಾಯಕಿ ಮುಮ್ತಾಜ್ ಶಾಂತಿಗೆ ಹಾಡಿದವರು ಇವರು, ಸಂಗೀತ ಅನಿಲ್ ಬಿಸ್ವಾಸರದು. ಕಲಕತ್ತಾದ ಒಂದೇ ಥೇಟರಿನ್ಯಾಗ ಆ ಸಿನಿಮಾ ಮೂರು ವರ್ಷಕ್ಕಿಂತ ಹೆಚ್ಚು ಓಡ್ತು. ಲತಾ ಮಂಗೇಶ್ಕರ್ ಹೆಸರು ಮನಿ ಮಾತಾಗೂದಕಿಂತ ಮೊದಲು, ಹಿಂದಿ ಹಾಡು ಅಂದ್ರ ಹಿಂಗಿರಬೇಕು ಅಂತ ಊರೂರಿಗೆ ತೋರಿಸಿದ ದನಿಗಳೊಳಗ ಒಂದು ಬೀಳಗಿಯ ದನಿ. ಅವರು ತೀರಿಕೊಂಡದ್ದು 1965ರಾಗ. ಅಷ್ಟೊತ್ತಿಗೆ ಮಂದಿ ಅರ್ಧ ಮರತೇ ಬಿಟ್ಟಿದ್ರು.

ನಮ್ಮ ಅಜ್ಜಿ ಅವರ ಹಾಡು ಕೇಳಿದ್ದು ಗೌಡರ ವಾಡೆದಾಗಿನ ಗ್ರಾಮೋಫೋನಿನ್ಯಾಗ, ಅದೂ ಹೊರಗ ಕಟ್ಟಿಗೆ ಆತು ನಿಂತು. ಇಲ್ಲೇ ಒಂದು ವಿಚಿತ್ರ ನೋಡ್ರಿ. ಬೀಸೂ ಪದ, ಸೋಬಾನ ಪದ, ಜೋಗುಳ ಎಲ್ಲಾ ಹೆಣ್ಮಕ್ಕಳೇ ಹಾಡಿದ್ದು. ಬೀಸೂಕಲ್ಲಿನ ಮುಂದ ಹಾಡಿದ್ರ ಸುಸಂಗತಿ, ಮಂದಿ ಮುಂದ ಹಾಡಿದ್ರ ಮಾನಗೇಡು! ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರಂಥವರಿಗೂ ಇದು ಬಿಡಲಿಲ್ಲ. ಓಣಿಯಾಗ ಹೋಗೂ ಮುಂದ "ಹಾಡಾಕಿ ಬಂದ್ಲು" ಅಂತ ಮಂದಿ ಆಡಿಕೊಳ್ಳತಿದ್ದರಂತ ಅವರೇ ಹೇಳಿಕೊಂಡಾರ. 1924ರ ಬೆಳಗಾವಿ ಕಾಂಗ್ರೆಸ್ಸಿನ್ಯಾಗ ಗಾಂಧೀಜಿ ಮುಂದ ಸ್ವಾಗತ ಗೀತೆ ಹಾಡಿದ ಹುಡುಗಿ ಅವರು. ಹಾಡಿದ ಮ್ಯಾಲೆ ಎಂಜಲ ಎತ್ತಾಕ ಹಚ್ಚತಾರೋ ಏನೋ ಅಂತ ಅಂಜಿಕೊಂಡಿದ್ದರಂತ.

ಹಂಗಾದ್ರ ನಮ್ಮಂಥ ಮನಿ ಹೆಣ್ಮಕ್ಕಳ ಬಾಯಿಗೆ ಹಾಡು ಬಂದದ್ದು ಹೆಂಗ? ನನಗ ತಿಳಿದಷ್ಟು ಹೇಳ್ತೀನಿ. ಮೊದಲು ಗ್ರಾಮೋಫೋನು, ಆಮ್ಯಾಲೆ ರೇಡಿಯೋ. ಹಾಡಾಕಿ ಹೊರಗ, ದನಿ ಮನಿ ಒಳಗ. ನಮ್ಮ ಧಾರವಾಡದ ಆಕಾಶವಾಣಿ 1950ರಾಗ ಶುರು ಆತು. ಇನ್ನೊಂದು ಕಡೆ ಕರಾವಳಿಯ ಪಿ. ಕಾಳಿಂಗರಾಯರು ರಾಜರತ್ನಂ ಅವರ ರತ್ನನ ಪದ, ಜನಪದ, ದಾಸರ ಪದ ಎಲ್ಲಾ ತಗೊಂಡು ಊರೂರು ಹಾಡಿದ್ರು. ಅವರ ಎಡಬಲಕ್ಕ ಮೋಹನಕುಮಾರಿ, ಸೋಹನಕುಮಾರಿ ಅನ್ನೂ ಇಬ್ಬರು ಹೆಣ್ಮಕ್ಕಳು. ಸಭಾದ ಮುಂದ ಹೆಣ್ಮಕ್ಕಳು ಕುಂತು ಕನ್ನಡದ ಕವಿತಾ ಹಾಡೂದನ್ನ ಮಂದಿ ಕಣ್ಣಿಗೆ ರೂಢಿ ಮಾಡಿಸಿದವರು ಇವರು. ಸುಗಮ ಸಂಗೀತ ಅಂತ ನಾವು ಅಂತೀವಲ್ಲ, ಅದಕ್ಕ ದೊಡ್ಡ ತಾಲೀಮು ಬೇಕಿಲ್ಲ. ಮಾತು ಸ್ವಚ್ಛ ಕೇಳಬೇಕು, ಒಂದು ಪೇಟಿ, ಒಂದು ತಬಲಾ ಸಾಕು. ಎರಡು ಸಲ ಕೇಳಿದ್ರ ಮೂರನೇ ಸಲ ಬಾಯಿಗೆ ಬರತೈತಿ. 1978ರಾಗ ನಿಸಾರ್ ಅಹಮದರ ಕವಿತಾಕ್ಕ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಸಾಲಿ, ಮಹಿಳಾ ಮಂಡಳ ಎಲ್ಲಾ ಕಡೆ ಅದೇ ಹಾಡು. "ಕವಿಗಳ ಪದ್ಯ ಹಾಡತಾಳ" ಅಂದ್ರ ಯಾರೂ ಬ್ಯಾಡ ಅನ್ನೂಹಂಗಿಲ್ಲ! ನಾ ಗ್ಯಾದರಿಂಗಿನ್ಯಾಗ ಹಾಡಿದ್ದೂ ಅದೇ ಧೈರ್ಯದ ಮ್ಯಾಲೆ.

ಇನ್ನ ನಮ್ಮ ಮಗ ಹೇಳಿದ ರೆಹಮಾನ್ ಕಡೆ ಬರೂಣು. ಹುಡುಗ ಇದ್ದಾಗ ರೆಹಮಾನ್ ಇಳಯರಾಜಾ ಅವರ ತಂಡದಾಗ ಕೀಬೋರ್ಡ್ ನುಡಿಸಿದವರು. ಇಳಯರಾಜಾ ತಾವೇ ಸಂಗೀತ ಕೊಡೂಕಿಂತ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರ ಕೈಕೆಳಗ ಕನ್ನಡ ಸಿನಿಮಾಕ್ಕ ಕೆಲಸ ಮಾಡಿದವರು. ಈ ವೆಂಕಟೇಶ್ ಅವರೇ 'ಸಂಧ್ಯಾರಾಗ'ದಾಗ ಭೀಮಸೇನ ಜೋಶಿಯವರಿಂದ ಹಾಡಿಸಿದ್ರು. 1977ರ 'ಸನಾದಿ ಅಪ್ಪಣ್ಣ'ದಾಗ ಬಿಸ್ಮಿಲ್ಲಾ ಖಾನರ ಶಹನಾಯಿ ತಂದ್ರು. ಆ ಶಹನಾಯಿ ಜೋಡಿ ಸಮಸಮ ನಿಂತು ಹಾಡಿದ ಹೆಣ್ಣ ದನಿ ಎಸ್. ಜಾನಕಿ ಅವರದು. ಇದನ್ನ ಹೇಳಿದಾಗ ಮಗ, "ಅಂದ್ರ ನನ್ನ ರೆಹಮಾನ್ ಬೇರು ಕನ್ನಡದಾಗೂ ಐತಿ ಅನ್ನಬೇ" ಅಂತ ನಕ್ಕ.

ಹಂಸಲೇಖ ಅವರ ಮಾತು ಬ್ಯಾರೆ. 'ಪ್ರೇಮಲೋಕ' ಬಂದದ್ದು ನಾ ಡಬ್ಬಿ ಗೆದ್ದ ವರ್ಷಾನೇ. ಸಾಹಿತ್ಯ, ಸಂಗೀತ ಎರಡೂ ಅವರದೇ. ಹುಡುಗರು ಹುಡುಗ್ಯಾರು ಎದುರುಬದರು ಮಾತಾಡಿದಂಗ ಹಾಡು! ಚಹಾದ ಅಂಗಡಿ, ಬಸ್ಸು, ಟೇಲರ್ ಅಂಗಡಿ, ಎಲ್ಲಿ ಹೋದ್ರೂ ಅದೇ ಕ್ಯಾಸೆಟ್. ಹಾಡಿನ ಭಾಷಾ ಪುಸ್ತಕದಿಂದ ಓಣಿಗೆ ಇಳೀತು. ಇವತ್ತಿನ ಕನ್ನಡ ಹಾಡು ಇನ್ನೂ ಅದೇ ದಾರಿಯಾಗ ನಡದೈತಿ, ಅದಕ್ಕ ಮೈದುನನ ಮಾತನ್ನ ನಾ ತಗದ ಹಾಕೂದಿಲ್ಲ. ಸಿ. ಅಶ್ವತ್ಥರದೂ ಸಣ್ಣ ಕೆಲಸ ಅಲ್ಲ. ನಮ್ಮ ಶಿಶುನಾಳ ಷರೀಫಜ್ಜನ ಪದ ಇಲ್ಲಿ ಭಜನಿ ಮ್ಯಾಳದಾಗ ಮೊದಲಿಂದ ಇದ್ವು. ಅವನ್ನ ಕ್ಯಾಸೆಟ್ಟಿಗೆ, 1990ರಾಗ ಸಿನಿಮಾಕ್ಕ ತಂದು ಇಡೀ ರಾಜ್ಯದ ಬಾಯಿಗೆ ಹಾಕಿದ್ರು.

ನನ್ನ ಕಥಿ ಏನಾತು ಅಂತೀರಿ? ನನ್ನ ನೋಡಾಕ ಬಂದಾಗ "ಹುಡುಗಿಗೆ ಹಾಡ ಬರತೈತೇನು, ಒಂದು ಹಾಡಲಿ" ಅಂದ್ರು. ಹಾಡಿದೆ, ಒಪ್ಪಿದ್ರು. ಮದುವಿ ಆದ ಮರುವರ್ಷ ರೇಡಿಯೋದ ಸುಗಮ ಸಂಗೀತದ ಧ್ವನಿ ಪರೀಕ್ಷೆಗೆ ಅರ್ಜಿ ತುಂಬಿ ಇಟ್ಟಿದ್ದೆ. "ನಮ್ಮ ಮನಿತನದ ಹೆಸರು ರೇಡಿಯೋದಾಗ ಬ್ಯಾಡ" ಅಂದ್ರು ಹಿರ್ಯಾರು. ಅರ್ಜಿ ಅಕ್ಕಿ ಡಬ್ಬಿ ತಳದಾಗ ಹಾಸಿದ ಪೇಪರಿನ ಕೆಳಗ ಭಾಳ ದಿನ ಇತ್ತು. ಯಾರ ಮ್ಯಾಲೂ ಈಗ ಸಿಟ್ಟಿಲ್ಲ. ಅವರಿಗೂ ನಮ್ಮವ್ವನ ಅಂಜಿಕೀನೇ ಇತ್ತು. ಆದ್ರ ಆಗಿಲ್ಲ ಅನ್ನೂದು ಒಳಗ ಐತಿ, ಸುಳ್ಳ ಯಾಕ ಹೇಳಲಿ.

ಅದಕ್ಕ ತಂಗಿ ಮಗಳಿಗೆ ನಾ ಹೇಳಿದ್ದು ಇಷ್ಟ. "ರಾಗ ಹಾಕಿದವರ ಹೆಸರೆಲ್ಲಾ ಹೇಳವಾ, ಹೇಳಬೇಕಾದ್ದೇ. ಆದ್ರ ಮೊದಲ ಹೆಸರು ಅಮೀರಬಾಯಿದು ಇರಲಿ. ರಾಗ ಕಟ್ಟಿದವರಿಗೆ ಮಂದಿ ಕೈಮುಗದ್ರು. ಹಾಡಿದ ಹೆಣ್ಮಕ್ಕಳು ಹಾಡಿನ ಜೋಡಿ ಮಂದಿ ಬಾಯಿಗೂ ಬಿದ್ರು. ಅವರು ಅಂಜಿ ಮನಿಯಾಗ ಕುಂತಿದ್ರ ಈಗ ನಿನ್ನ ಕೈಯಾಗ ಮೈಕ್ ಇರತಿರಲಿಲ್ಲ."

ಆಕಿ ಬರಕೊಂಡ್ಲು. ನಂತರ ಪಡಸಾಲ್ಯಾಗ ಕುಂತು ಹಾಡು ತಯಾರಿ ಮಾಡಾಕತ್ತಿದ್ಲು. ಎರಡನೇ ನುಡಿಯಾಗ ಶ್ರುತಿ ತಪ್ಪಿತು. ಅಡಗಿ ಮನಿಯಿಂದ ನಾ ಹಿಡದು ತೋರಿಸಿದೆ. ನಮ್ಮವ್ವ, ಎಂಬತ್ತು ದಾಟ್ಯಾಳ, ಬಾಗಲ ಸಂದ್ಯಾಗ ಕುರ್ಚಿ ಹಾಕಿಕೊಂಡು ಕುಂತಿದ್ಲು. ಪೂರ್ತಿ ಕೇಳಿ, "ನಿಮ್ಮಜ್ಜಿ ಅಂದದ್ದು ಖರೇ ಇತ್ತವಾ" ಅಂದ್ಲು. ಮತ್ತೇನೂ ಅನ್ನಲಿಲ್ಲ. ನಾನೂ ಕೆದಕಲಿಲ್ಲ.

ನಿಮ್ಮ ಮನಿಯಾಗೂ ಹಾಡಬೇಕಂದು ಸುಮ್ಮನಾದ ಅತ್ತಿ, ಅತ್ತಿಗಿ, ದೊಡ್ಡವ್ವ ಯಾರರೆ ಇದ್ರ, ಈ ಸಲ ಹಬ್ಬಕ್ಕ ಕೂಡಿದಾಗ ಒಂದು ಹಾಡು ಹಾಡಂತ ಕೇಳ್ರಿ. ಮೊದಲು ಬ್ಯಾಡ ಅಂತಾರ. ಇನ್ನೊಮ್ಮೆ ಕೇಳ್ರಿ.