ದೊಡ್ಡ ನಾಯಿಯ ಸೊಂಟ: ಎಕ್ಸ್‌ರೇ ಕೋಣೆಯಿಂದ ಊಟದ ತಟ್ಟೆಯವರೆಗೆ

ಏಳೆಂಟು ತಿಂಗಳ ಲ್ಯಾಬ್ರಡಾರ್ ಮರಿ ಎರಡೂ ಹಿಂಗಾಲುಗಳನ್ನು ಮೊಲದ ಹಾಗೆ ಒಟ್ಟಿಗೆ ಎತ್ತಿಹಾಕುತ್ತ ಓಡಿದರೆ ಮನೆಯವರಿಗೆ ಮುದ್ದು ಬರುತ್ತದೆ, ಪಶುವೈದ್ಯರಿಗೆ ಅನುಮಾನ ಬರುತ್ತದೆ. ತೊಡೆಮೂಳೆಯ ಮೇಲ್ತುದಿಯ ಗುಂಡು ಸೊಂಟದ ಗುಳಿಯಲ್ಲಿ ಬಿಗಿಯಾಗಿ ಕೂರದೆ ಸಡಿಲವಾಗಿ ಆಡುತ್ತಿರಬಹುದು. ಹಾಗೆ ಆಡುತ್ತ ಆಡುತ್ತ ಗುಳಿಯ ಅಂಚು ಸವೆಯುತ್ತದೆ, ಮೃದ್ವಸ್ಥಿ ಹಾಳಾಗುತ್ತದೆ, ಅಡ್ಡಾದಿಡ್ಡಿಯಾಗಿ ಹೊಸ ಮೂಳೆ ಬೆಳೆಯುತ್ತದೆ. ಕೊನೆಗೆ ಉಳಿಯುವುದು ಸಂಧಿವಾತ. ಹಿಪ್ ಡಿಸ್‌ಪ್ಲೇಸಿಯಾ ಎಂದರೆ ಇದೇ. ಜರ್ಮನ್ ಶೆಫರ್ಡ್, ರಾಟ್‌ವೈಲರ್, ಗೋಲ್ಡನ್ ರಿಟ್ರೀವರ್, ಸೇಂಟ್ ಬರ್ನಾರ್ಡ್ ತಳಿಗಳನ್ನು ಸಾಕುವವರು ಇವತ್ತಲ್ಲ ನಾಳೆ ಈ ಹೆಸರು ಕೇಳಿಯೇ ಕೇಳುತ್ತಾರೆ.

ಅಮೆರಿಕದ ಪಶುವೈದ್ಯ ಗೆರಿ ಶ್ನೆಲ್ಲೆ 1935ರಲ್ಲಿ ನಾಯಿಯಲ್ಲಿ ಇದನ್ನು ಮೊದಲು ವರದಿ ಮಾಡಿದಾಗ ಇದೊಂದು ಅಪರೂಪದ ದೋಷವೆಂದೇ ಎಲ್ಲರ ಎಣಿಕೆಯಾಗಿತ್ತು. ನಾಯಿಗಳಿಗೆ ಎಕ್ಸ್‌ರೇ ತೆಗೆಯುವುದು ರೂಢಿಯಾದ ಮೇಲೆ ಆ ಭ್ರಮೆ ಹರಿಯಿತು. 1950ರ ದಶಕದ ಕೊನೆಯ ಹೊತ್ತಿಗೆ ಸ್ವೀಡನ್ನಿನಲ್ಲಿ ತಪಾಸಣೆ ಆರಂಭವಾಗಿತ್ತು. ಅಮೆರಿಕದಲ್ಲಿ ಇದಕ್ಕೆ ದುಡ್ಡು, ಹಟ ಎರಡನ್ನೂ ಒದಗಿಸಿದವರು ವಿಂಚೆಸ್ಟರ್ ಬಂದೂಕು ಕಂಪನಿಯ ಒಡೆಯ ಜಾನ್ ಓಲಿನ್. ಅವರು ಲ್ಯಾಬ್ರಡಾರ್ ಸಾಕಿ ಪಂದ್ಯ ಗೆದ್ದ ಬೇಟೆಗಾರ. ತಮ್ಮ ನಾಯಿಗಳೇ ಕುಂಟತೊಡಗಿದ್ದು ಅವರಿಗೆ ಸಹಿಸಲಾಗಲಿಲ್ಲ. 1966ರಲ್ಲಿ ಅವರ ನೆರವಿನಿಂದ ಹುಟ್ಟಿದ ಆರ್ಥೊಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್ ಎರಡು ವರ್ಷ ತುಂಬಿದ ನಾಯಿಗಳ ಎಕ್ಸ್‌ರೇ ನೋಡಿ, ಅತ್ಯುತ್ತಮದಿಂದ ತೀವ್ರ ದೋಷದವರೆಗೆ ಏಳು ದರ್ಜೆಗಳಲ್ಲಿ ಒಂದನ್ನು ಕೊಡುತ್ತದೆ. ಬ್ರಿಟನ್ನಿನವರು ಅಂಕ ಹಾಕುತ್ತಾರೆ: ಎರಡೂ ಸೊಂಟ ಸೇರಿ ಸೊನ್ನೆಯಿಂದ 106. ಅಂಕ ಏರಿದಷ್ಟೂ ಕೀಲು ಕೆಟ್ಟದ್ದು.

ಒಳ್ಳೆಯ ಸೊಂಟದ ಗಂಡು ಹೆಣ್ಣುಗಳನ್ನೇ ಕೂಡಿಸಿದರೆ ಕೆಲವು ತಲೆಮಾರುಗಳಲ್ಲಿ ದೋಷ ಮಾಯವಾದೀತು ಎಂಬುದು ಆಗಿನ ನಿರೀಕ್ಷೆ. ಅಷ್ಟು ಸುಲಭವಾಗಲಿಲ್ಲ. ಇದು ಒಂದೇ ಜೀನಿನ ಕೆಲಸವಲ್ಲ. ನೋಡಲು ಚೆನ್ನಾಗಿರುವ ಸೊಂಟದ ತಂದೆತಾಯಿಗೂ ಕೆಟ್ಟ ಸೊಂಟದ ಮರಿ ಹುಟ್ಟುತ್ತದೆ. ಎಕ್ಸ್‌ರೇಯಲ್ಲೂ ಒಂದು ಕೊರತೆಯಿತ್ತು. ನಾಯಿಯನ್ನು ಅಂಗಾತ ಮಲಗಿಸಿ ಹಿಂಗಾಲುಗಳನ್ನು ನೇರವಾಗಿ ಎಳೆದಾಗ ಕೀಲಿನ ಸುತ್ತಲಿನ ಚೀಲ ತಿರುಚಿ ಬಿಗಿಯಾಗುತ್ತದೆ, ನೋಡಬೇಕಾಗಿದ್ದ ಸಡಿಲವೇ ಮರೆಯಾಗುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಗೇಲ್ ಸ್ಮಿತ್ 1980ರ ದಶಕದಲ್ಲಿ ಇದನ್ನು ತಿರುಗಿಸಿ ಯೋಚಿಸಿದರು: ಅರಿವಳಿಕೆ ಕೊಟ್ಟು, ಕೀಲನ್ನು ಹಗುರವಾಗಿ ಹೊರಕ್ಕೆ ಒತ್ತಿ, ಗುಂಡು ಗುಳಿಯಿಂದ ಎಷ್ಟು ದೂರ ಸರಿಯುತ್ತದೆಂದು ಅಳೆಯುವುದು. ಪೆನ್‌ಹಿಪ್ ಎಂಬ ಈ ವಿಧಾನಕ್ಕೆ ಹದಿನಾರು ವಾರದ ಮರಿಯೂ ಆಗುತ್ತದೆ. ಹೀಗೆ ಅಳೆದ ಸಡಿಲದ ಸೂಚ್ಯಂಕ 0.3ಕ್ಕಿಂತ ಕೆಳಗಿದ್ದರೆ ಮುಂದೆ ಸಂಧಿವಾತ ಬರುವ ಸಂಭವ ತೀರಾ ಕಡಿಮೆ.

ನನ್ನ ಲೆಕ್ಕದಲ್ಲಿ ಈ ಇತಿಹಾಸದ ಅತಿ ದೊಡ್ಡ ಪಾಠ ಬಂದದ್ದು ಆಪರೇಷನ್ ಕೋಣೆಯಿಂದಲ್ಲ, ತಟ್ಟೆಯಿಂದ. ದೋಷ ಬರಲಿರುವ ಮರಿಯ ಸೊಂಟವೂ ಹುಟ್ಟುವಾಗ ಸರಿಯಾಗಿಯೇ ಇರುತ್ತದೆ, ಕೆಡುವುದು ಆಮೇಲೆ ಎಂಬುದನ್ನು ಪಶುವೈದ್ಯ ವೇಯ್ನ್ ರೈಸರ್ 1960-70ರ ದಶಕಗಳಲ್ಲಿ ತೋರಿಸಿದರು. ಸೊಂಟದ ಸುತ್ತ ಸ್ನಾಯು ತುಂಬಿದ ನಾಯಿಗಳಲ್ಲಿ ದೋಷ ಕಡಿಮೆ ಎಂಬುದೂ ಅವರ ಅಧ್ಯಯನದಲ್ಲಿ ಕಂಡಿತು. ಗ್ರೇಹೌಂಡ್ ಇದಕ್ಕೆ ಒಳ್ಳೆಯ ಉದಾಹರಣೆ. (ನಮ್ಮ ಮುಧೋಳದ ಬೇಟೆನಾಯಿಯದೂ ಅದೇ ಮೈಕಟ್ಟು.) 1974ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗ್ರೇಟ್ ಡೇನ್ ಮರಿಗಳಿಗೆ ಬೇಕಾದಷ್ಟು ತಿನ್ನಲು ಬಿಟ್ಟಾಗ ಅವುಗಳ ಮೂಳೆ, ಕೀಲುಗಳೇ ಕೆಟ್ಟವು. 1980ರ ದಶಕದಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಅದೇ ತಳಿಯ ಮರಿಗಳ ಆಹಾರಕ್ಕೆ ಕ್ಯಾಲ್ಸಿಯಂ ಹೆಚ್ಚಾಗಿ ಸೇರಿಸಿದಾಗಲೂ ಅಸ್ಥಿಪಂಜರದ ಬೆಳವಣಿಗೆ ಹದ ತಪ್ಪಿತು. ಮರಿ ಮನೆಗೆ ಬಂದ ದಿನವೇ ಕ್ಯಾಲ್ಸಿಯಂ ಸಿರಪ್ಪಿನ ಬಾಟಲಿ ಕೊಳ್ಳುವ ನಮ್ಮ ರೂಢಿಗೆ ಇದು ನೇರ ಉತ್ತರ. ದೊಡ್ಡ ತಳಿಯ ಮರಿಗೆಂದೇ ತಯಾರಾದ ಆಹಾರ ಹಾಕುತ್ತಿದ್ದರೆ ಆ ಬಾಟಲಿ ಉಪಕಾರಿಯಲ್ಲ.

ಆಮೇಲೆ ಪ್ಯೂರಿನಾ ಕಂಪನಿಯ ಅಧ್ಯಯನ. ಮಾಡಿದ್ದು ನಾಯಿಯ ಆಹಾರ ಮಾರುವ ಕಂಪನಿ, ಸಿಕ್ಕ ಫಲಿತಾಂಶ ಕಡಿಮೆ ಹಾಕಿ ಎಂಬುದು. ಹಾಗಾಗಿ ನಂಬಲು ನನಗೇನೂ ಅಡ್ಡಿಯಿಲ್ಲ. 48 ಲ್ಯಾಬ್ರಡಾರ್‌ಗಳನ್ನು ಜೊತೆ ಮಾಡಿ, ಪ್ರತಿ ಜೊತೆಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25ರಷ್ಟು ಕಡಿಮೆ ಊಟ ಹಾಕಿದರು, ಜೀವಮಾನವಿಡೀ. ಎರಡು ವರ್ಷದ ಹೊತ್ತಿಗೇ ಕಡಿಮೆ ತಿಂದವುಗಳಲ್ಲಿ ಹಿಪ್ ಡಿಸ್‌ಪ್ಲೇಸಿಯಾ ಬಹಳ ಕಡಿಮೆಯಿತ್ತು. ಇದು ಪ್ರಕಟವಾದದ್ದು 1992ರಲ್ಲಿ. 2002ರ ವರದಿಯಲ್ಲಿ ಆಯುಸ್ಸಿನ ಲೆಕ್ಕವೂ ಬಂತು. ಹೊಟ್ಟೆ ತುಂಬ ತಿಂದವುಗಳ ಮಧ್ಯಮ ಆಯುಸ್ಸು 11.2 ವರ್ಷ, ತೆಳ್ಳಗಿದ್ದವುಗಳದು 13. ಸಂಧಿವಾತಕ್ಕೆ ಔಷಧಿ ಬೇಕಾದದ್ದೂ ತಡವಾಗಿ.

ಶಸ್ತ್ರಚಿಕಿತ್ಸೆಯ ಕಥೆಯನ್ನು ಬೇಗ ಹೇಳಬಹುದು. ತೊಡೆಮೂಳೆಯ ಗುಂಡನ್ನೇ ಕತ್ತರಿಸಿ ತೆಗೆಯುವುದು 1960ರ ದಶಕದಿಂದ ಇದೆ; ಹಗುರ ನಾಯಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಭಾರದ ನಾಯಿಗೆ ಅಷ್ಟಾಗಿ ಇಲ್ಲ. ಕೃತಕ ಸೊಂಟ 1970ರ ದಶಕದಲ್ಲಿ ಬಂತು. ಫಲ ಚೆನ್ನಾಗಿದೆ, ಖರ್ಚು ಮಾತ್ರ ಹೆಚ್ಚಿನವರ ಕೈಗೆಟುಕದ್ದು. ನಾಲ್ಕೈದು ತಿಂಗಳೊಳಗಿನ ಮರಿಗೆ ಸೊಂಟದ ಮುಂಭಾಗದ ಬೆಸುಗೆಯನ್ನು ಬೇಗ ಮುಚ್ಚಿ ಗುಳಿ ಗುಂಡನ್ನು ಚೆನ್ನಾಗಿ ಆವರಿಸುವಂತೆ ಬೆಳೆಸುವ ಚಿಕ್ಕ ಶಸ್ತ್ರಕ್ರಿಯೆಯೂ ಇದೆ. ಆದರೆ ಆ ವಯಸ್ಸಿನಲ್ಲಿ ಮರಿ ಕುಂಟುವುದೇ ಅಪರೂಪ, ಹಾಗಾಗಿ ಯಾರೂ ತೋರಿಸಲು ಬರುವುದಿಲ್ಲ. ಸಂತಾನಹರಣಕ್ಕೂ ವಯಸ್ಸಿನ ಪ್ರಶ್ನೆಯಿದೆ: ವರ್ಷ ತುಂಬುವ ಮೊದಲೇ ಅದನ್ನು ಮಾಡಿಸಿದ ಗೋಲ್ಡನ್ ರಿಟ್ರೀವರ್ ಗಂಡುಗಳಲ್ಲಿ ಸೊಂಟದ ದೋಷ ಸುಮಾರು ಎರಡು ಪಟ್ಟು ಎಂದು 2013ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯ ವರದಿ ಮಾಡಿತು.

ನೋವಿಗೆ ಮೊದಲು ಆಸ್ಪಿರಿನ್ನೇ ಗತಿಯಾಗಿತ್ತು. 1990ರ ದಶಕದಲ್ಲಿ ಕಾರ್ಪ್ರೊಫೆನ್, ಆಮೇಲೆ ಮೆಲಾಕ್ಸಿಕಾಂ ಬಂದು ಮುದಿ ನಾಯಿಗಳ ಬದುಕೇ ಬದಲಾಯಿತು. ಮನೆಯಲ್ಲಿರುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಮಾತ್ರ ನಾಯಿಗೆ ಕೊಡಬೇಡಿ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ರಣಹದ್ದುಗಳನ್ನು ಕೊಂದ ಡೈಕ್ಲೊಫೆನಾಕನ್ನು ಪಶುಚಿಕಿತ್ಸೆಯಿಂದ ಭಾರತ 2006ರಲ್ಲೇ ಹೊರಗಿಟ್ಟಿದೆ. ಸಂಧಿವಾತದ ನೋವಿಗೆ ತಿಂಗಳಿಗೊಂದು ಇಂಜೆಕ್ಷನ್ ಆಗಿ ಕೊಡುವ ಬೆಡಿನ್‌ವೆಟ್‌ಮ್ಯಾಬ್ ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ಪಡೆಯಿತು. 2024ರ ಕೊನೆಗೆ ಅಮೆರಿಕದ ಔಷಧ ಇಲಾಖೆ ಅದರ ಅಡ್ಡಪರಿಣಾಮಗಳ ಬಗ್ಗೆ ಪಶುವೈದ್ಯರನ್ನು ಎಚ್ಚರಿಸಿದೆ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಡಬ್ಬಿಗಳು ಎಲ್ಲೆಡೆ ಖರ್ಚಾಗುತ್ತಿವೆ, ಪುರಾವೆ ಮಾತ್ರ ತೆಳು.

ನಮ್ಮಲ್ಲಿ ಮರಿ ಕೊಳ್ಳುವವರು ಕೆನಲ್ ಕ್ಲಬ್ಬಿನ ಪೇಪರ್ ಇದೆಯೇ ಎಂದು ಕೇಳುತ್ತಾರೆ. ಅದು ವಂಶದ ದಾಖಲೆ, ಸೊಂಟದ ದಾಖಲೆಯಲ್ಲ. ಮುಂದಿನ ಸಲ ಅಪ್ಪ ಅಮ್ಮ ಎರಡರ ಸೊಂಟದ ಎಕ್ಸ್‌ರೇ ವರದಿಯನ್ನೂ ಕೇಳಿ. ಕೇಳುವವರು ಹೆಚ್ಚಾದರೆ ಮಾರುವವರೂ ತೆಗೆಸುತ್ತಾರೆ. ನಾಯಿ ಈಗಾಗಲೇ ಮನೆಯಲ್ಲಿದ್ದರೆ ಜಾರುವ ಟೈಲ್ಸ್ ಮೇಲೆ ಚಾಪೆ ಹಾಸಿ, ದಿನವೂ ಹದವಾಗಿ ನಡೆಸಿ. ಪಕ್ಕೆಲುಬು ಕೈಗೆ ಸಿಗುವಂತಿರಲಿ. ಸಿಗದಿದ್ದರೆ ಇವತ್ತಿನಿಂದಲೇ ತಟ್ಟೆಯಲ್ಲಿ ಕಾಲುಭಾಗ ಕಡಿಮೆ ಮಾಡಿ.